ನಾಲ್ಕನೆಯ ಬೆರಳು

ಆ ಊರಿನಲ್ಲಿ ಪಟ ತಪ್ಪುತ್ತಿರಲಿಲ್ಲ. ಸುತ್ತಲ ಸೀಮೆಯ ನಕ್ಷೆ ಅದು. ಪಟಕ್ಕೂ ನೆಲಕ್ಕೂ ಹೊಂದಿಕೆಯಾಗದೆ ಹೋದರೆ ತಪ್ಪು ನೆಲದ್ದು ಅಂತ ತೀರ್ಮಾನವಾಗಿ, ಗುದ್ದಲಿ ಹಿಡಿದ ನಾಲ್ಕು ಜನ ಹೋಗಿ ನೆಲವನ್ನು ತಿದ್ದಿ ಬರುತ್ತಿದ್ದರು. ಒಂದು ವರ್ಷ ಪಟದ ಮೇಲೆ ಯಾರದೋ ಕೈಯಿಂದ ಮಜ್ಜಿಗೆ ಚೆಲ್ಲಿ ಕಲೆ ಉಳಿಯಿತು. ಊರವರು ಆ ಜಾಗ ಹುಡುಕಿಕೊಂಡು ಹೋಗಿ ಮೂರು ತಿಂಗಳು ಅಗೆದು ಕೆರೆ ಮಾಡಿದರು. ಇನ್ನೊಂದು ವರ್ಷ ನುಸಿ ಹಿಡಿದು ಪಟದ ಗುಡ್ಡವೊಂದರ ನೆತ್ತಿ ಹೋಯಿತು. ಹೊರಗಿದ್ದ ಗುಡ್ಡದ ನೆತ್ತಿಯನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಕೆಳಗಿಳಿಸಿದರು. ಕೆರೆಗೆ ಮಾತ್ರ ನೀರು ಬರಲಿಲ್ಲ. ಅದು ನೀರಿನ ತಪ್ಪು.

ಪಟ ಕಾಗದದ್ದಾಗಿರಲಿಲ್ಲ, ತಟ್ಟುಬಟ್ಟೆಯದು. ಮಗ್ಗ ಬೇಡ, ನೂಲೂ ಬೇಡ. ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹಾಸಿ, ಬಿಸಿನೀರು ಚಿಮುಕಿಸಿ, ಅಂಟುವಾಳದ ನೊರೆ ಸವರಿ, ಚಾಪೆಯಲ್ಲಿ ಸುತ್ತಿ ಉರುಳಿಸಬೇಕು. ಉರುಳಿಸಿ ತಟ್ಟಬೇಕು. ತಟ್ಟಿ ಉರುಳಿಸಬೇಕು. ಕೊನೆಗೆ ಎಳೆಗೆ ಎಳೆ ಕಚ್ಚಿಕೊಂಡು, ಜಗಳವಾಡಿ ಸುಸ್ತಾದ ಸಂಸಾರದ ಹಾಗೆ, ಬಿಡಿಸಿದರೂ ಬಿಡದಂತಾಗುತ್ತದೆ. ಆಮೇಲೆ ಅದನ್ನು ಬಣ್ಣದ ಹಂಡೆಯಲ್ಲಿ ಕುದಿಸಿ, ಕತ್ತರಿಸಿ, ಗುಡ್ಡಕ್ಕೆ ಅರಿಸಿನ, ನದಿಗೆ ನೀಲಿ, ಕಾಡಿಗೆ ದಾಳಿಂಬೆ ಸಿಪ್ಪೆಯ ಹಸಿರುಗಂದು ಅಂತ ತುಂಡು ತುಂಡಾಗಿ ಹೊಲಿದು ಜೋಡಿಸಬೇಕು. ಮಕ್ಕಳು ಕಣ್ಣು ಮುಚ್ಚಿಕೊಂಡು ಅದನ್ನು ಬೆರಳಲ್ಲಿ ಕಲಿಯುತ್ತಿದ್ದರು. ಬಯಲಿನಲ್ಲಿ ಧೂಳೆದ್ದಾಗ ಕಣ್ಣು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಬೆರಳಿಗೆ ಗೊತ್ತಿದ್ದದ್ದು ಕಾಲಿಗೆ ತಾನಾಗಿ ಗೊತ್ತಾಗುತ್ತದೆ ಅಂತ ಊರಿನವರ ನಂಬಿಕೆ.

ವರ್ಷಕ್ಕೊಂದು ಹೊಸ ಪಟ. ಹಳೆಯದನ್ನು ಕತ್ತರಿಸಿ ಕೂಸುಗಳಿಗೆ ಕುಲಾವಿ ಮಾಡುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಹುಟ್ಟಿದವರೆಲ್ಲ ಕಣ್ಣು ಬಿಡುವ ಮೊದಲೇ ಯಾವುದಾದರೂ ಗುಡ್ಡವನ್ನೋ ಹೊಳೆಯನ್ನೋ ತಲೆಯ ಮೇಲೆ ಹೊತ್ತುಕೊಂಡವರು.

ಪಟ ಮಾಡುವವಳು ಪಟಗಾರ್ತಿ. ಅವಳಿಗೊಂದು ಕಟ್ಟಳೆ ಇತ್ತು: ಅವಳು ನೆಲ ನೋಡಿರಬಾರದು. ನೋಡಿದವಳಿಗೆ ಅನುಮಾನ ಬರುತ್ತದೆ, ಅನುಮಾನ ಬಂದವಳ ಹೊಲಿಗೆ ಸೊಟ್ಟಗಾಗುತ್ತದೆ. ಊರಿನ ಮಕ್ಕಳು ಹನ್ನೆರಡನೆಯ ವರ್ಷಕ್ಕೆ ತಾವಾಗಿಯೇ ಬಿಳಿ ಬಯಲನ್ನು ದಾಟಿ, ಆಚೆ ಊರಿನಿಂದ ಒಂದು ಹರಳು ಉಪ್ಪು ತರಬೇಕು. ಅದಕ್ಕೆ ಮೊದಲ ನಡಿಗೆ ಅಂತ ಹೆಸರು. ನಡಿಗೆಯ ಹೊತ್ತಿಗೆ ಜ್ವರ ಬಂದು ಮಲಗಿದ ಹುಡುಗಿಯೇ ಮುಂದೆ ಪಟಗಾರ್ತಿ. ಈಗಿನ ಪಟಗಾರ್ತಿ ಹೆಬ್ಬಾಗಿಲಿನ ಆಚೆ ಒಂದು ಹೆಜ್ಜೆ ಇಟ್ಟವಳಲ್ಲ. ಬಯಲನ್ನು ಅವಳು ಏಳು ಸಲ ಮಾಡಿದ್ದಳು, ಒಂದು ಸಲವೂ ಕಂಡಿರಲಿಲ್ಲ.

ಅಳತೆಯೆಲ್ಲ ಬೆರಳಲ್ಲಿ. ಹನ್ನೆರಡು ವರ್ಷದ ಮಗುವಿನ ಬೆರಳಿನ ಅಗಲ ಒಂದು ದಿನದ ದಾರಿ, ಒಂದು ದಿನದ ದಾರಿಗೆ ತಲೆಗೊಂದು ಸೋರೆ ಬುರುಡೆ ನೀರು. ಪಟದ ನಡುವೆ ಊರು. ಊರಿನಲ್ಲಿ ನಡಿಗೆಗೆ ಮೊದಲು ಪಟದ ಅಳತೆಯನ್ನು ತಪ್ಪದೆ ಒಪ್ಪಿಸಿದವರಿಗೆಲ್ಲ ತಲೆಗೊಂದು ಬೊಟ್ಟು, ಬೇಳೆಯಷ್ಟಗಲದ ಕೆಂಪು ತಟ್ಟುಬಟ್ಟೆಯ ಚೂರು. ಜ್ವರದವಳಿಗೂ ಒಂದು ಕೊಡುತ್ತಿದ್ದರು, ಪಾಪ ಅಂತ. ಬೊಟ್ಟು ಇದ್ದವರು ಊರಿನಲ್ಲಿ ಇದ್ದಾರೆ. ಯಾರ ಬೊಟ್ಟನ್ನು ಕತ್ತರಿಸಿದರೋ ಅವರು ಇಲ್ಲ. ಹೊಡೆಯುವುದು, ಹೊರಗಟ್ಟುವುದು ಅಂಥದ್ದೇನೂ ನಡೆಯುತ್ತಿರಲಿಲ್ಲ. ಸುಮ್ಮನೆ ಕಾಣುತ್ತಿರಲಿಲ್ಲ, ಅಷ್ಟೆ.

ಪಟಗಾರ್ತಿಗೆ ಕೆಲಸ ಕಲಿಸಿದ ಅಜ್ಜಿ ಹಾಗೆ ಪಟ ಬಿಟ್ಟವಳು. ಏಳು ವರ್ಷದ ಹಿಂದೆ ಚಾವಡಿಯಲ್ಲಿ ಎಲ್ಲರೆದುರು ಏನೋ ಒಂದು ಅಂದಳು, ಬೊಟ್ಟು ಹೋಯಿತು. ಈಗ ಊರ ಬಾವಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನೀರಿಗೆ ಬಂದವರು ಅವಳನ್ನು ಬಳಸಿಕೊಂಡು ಹೋಗುತ್ತಾರೆ, ಯಾಕೆ ಬಳಸುತ್ತಿದ್ದೇವೆ ಅಂತ ಕೇಳಿಕೊಳ್ಳುವುದಿಲ್ಲ. ಕಿಟಕಿಯಲ್ಲಿಟ್ಟ ರೊಟ್ಟಿ ಕಾಣೆಯಾದರೆ ಬೆಕ್ಕು ತಿಂದಿತು ಅನ್ನುತ್ತಾರೆ. ಆ ಊರಿನಲ್ಲಿ ಬೆಕ್ಕೇ ಇರಲಿಲ್ಲ.

ಪ್ರತಿ ವರ್ಷ ಪಟ ತೊಳೆದಾದ ಮೇಲೆ ಪಟಗಾರ್ತಿ ನೀರಿಗೆ ಹೋದಾಗ ಮೆಟ್ಟಿಲ ಕಡೆಯಿಂದ ಒಂದು ದನಿ ಕೇಳುತ್ತಿತ್ತು: "ಬಿಳೀದನ್ನ ಕುದಿಸಿದ್ಯಾ?"

ಗಾಳಿ, ಅಂದುಕೊಂಡು ಅವಳು ಹಗ್ಗ ಎಳೆಯುತ್ತಿದ್ದಳು.

*

ಮಕ್ಕಳು ಪಟ ಒಪ್ಪಿಸುವುದಕ್ಕೆ ಒಂದು ದಿನ ಉಳಿದಿತ್ತು. ಎರಡು ದಿನದ ಕೆಳಗೆ ಊರಿನ ಹೆಂಗಸರು ಬಿಸಿನೀರು, ಅಂಟುವಾಳ ಹಾಕಿ ಪಟವನ್ನು ಕಾಲಲ್ಲಿ ತುಳಿದು ತೊಳೆದು, ಚಾವಡಿಯ ಗೋಡೆಗೆ ಕಟ್ಟಿದ್ದರು. ಈ ವರ್ಷ ನಡೆಯಬೇಕಾದ ಒಂಬತ್ತು ಮಕ್ಕಳು ಸಾಲಾಗಿ ನಿಂತು ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು. ಅವರಲ್ಲಿ ಒಬ್ಬಳು ಪಟಗಾರ್ತಿಯ ಮಗಳು.

"ಅಮ್ಮಾ, ಬಾ ಇಲ್ಲಿ."

"ಚಾವಡೀಲಿ ಅಮ್ಮ ಅನ್ನಬೇಡ. ಪಟದವ್ವ ಅನ್ನು."

"ಪಟದವ್ವಾ, ಬಾ ಇಲ್ಲಿ. ನನ್ನ ಬೆರಳು ದಪ್ಪ ಆಗ್ಬಿಟ್ಟಿದೆ."

"ನೀನು ತಿನ್ನೋದು ನೋಡಿದ್ರೆ ಆಗದೆ ಇರುತ್ತಾ?" ಅನ್ನುತ್ತ ಪಟಗಾರ್ತಿ ಗುಡ್ಡದ ಹೊಟ್ಟೆಗೆ ಉಣ್ಣೆ ತುರುಕುತ್ತಿದ್ದವಳು ಎದ್ದು ಬಂದಳು.

"ನೋಡು. ಬಿಳಿ ಬಯಲಿಗೆ ಮೂರೇ ಬೆರಳು ಹಿಡೀತು. ಮನೇಲಿ ಬಿಡಿ ತುಂಡು ಇಟ್ಕೊಂಡು ಕಲಿಸಿದಾಗ ನಾಲ್ಕು ಹಿಡೀತಿತ್ತಲ್ಲ?"

ಪಟಗಾರ್ತಿ ಸೊಂಟದಿಂದ ಅಳತೆಯ ದಾರ ಎಳೆದಳು. ಅಜ್ಜಿಯಿಂದ ಬಂದ ದಾರ, ಬಯಲಿಗೆ ನಾಲ್ಕು ಗಂಟು. ಬಿಳಿ ತುಂಡಿನ ಒಂದು ಅಂಚಿನಲ್ಲಿ ಹಿಡಿದಳು. ಮೊದಲ ಗಂಟು ಬಿಳಿಯ ಮೇಲೆ, ಎರಡನೆಯದೂ ಬಿಳಿಯ ಮೇಲೆ, ಮೂರನೆಯದು ಬಿಳಿಯ ಕೊನೆಯಲ್ಲಿ. ನಾಲ್ಕನೆಯ ಗಂಟು ಬಯಲನ್ನು ದಾಟಿ, ಆಚೆ ಊರನ್ನೂ ದಾಟಿ, ಪಟದ ಅಂಚಿನ ಕರಿಹೊಲಿಗೆಯ ಮೇಲೆ ತೂಗಾಡಿತು.

ಗುಡ್ಡ ಅಳೆದಳು, ಸರಿಯಿತ್ತು. ಹೊಳೆ ಅಳೆದಳು, ಸರಿಯಿತ್ತು. ಕಾಡು ಸರಿಯಿತ್ತು. ಮತ್ತೆ ಬಯಲು ಅಳೆದಳು. ಮೂರು.

ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಕೈ ಕೆಲಸದವಳು. ಗುಡ್ಡ, ಹೊಳೆ, ಕಾಡು ಎಲ್ಲ ಬಣ್ಣದ ಹಂಡೆಯಲ್ಲಿ ಕುದ್ದು, ಕುಗ್ಗುವಷ್ಟು ಕುಗ್ಗಿ ಬಂದಿದ್ದವು. ಬಿಳಿಗೆ ಬಣ್ಣ ಬೇಕಿರಲಿಲ್ಲ. ಮೆತ್ತಗೆ, ಬೆಳ್ಳಗೆ, ಮಕ್ಕಳ ಬೆರಳಿಗೆ ಹಿತವಾಗಿರಲಿ ಅಂತ ಅದನ್ನು ನಾಲ್ಕು ಸಲ ಕಡಿಮೆಯೇ ಉರುಳಿಸಿ, ಸಾಕು ಅಂದಿದ್ದಳು. ತೊಳೆಯುವ ದಿನ ಬಿಸಿನೀರು, ಕಾಲ್ತುಳಿತ ಎರಡೂ ಸಿಕ್ಕಿ ಬಯಲು ತನ್ನ ಪಾಲಿನ ಕುಗ್ಗುವಿಕೆಯನ್ನು ಮುಗಿಸಿಕೊಂಡಿತ್ತು.

"ಏನಮ್ಮಾ? ಪಟ ತ—"

ಪಟಗಾರ್ತಿ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಉಣ್ಣೆ ಮೆತ್ತಿದ ಕೈ. ಹುಡುಗಿ ಸೀನಿದಳು. ಪಕ್ಕದ ಮಕ್ಕಳು ಕಣ್ಣು ಬಿಡದೆ ನಕ್ಕರು. ಯಾರಿಗೂ ಏನೂ ಕೇಳಿಸಿರಲಿಲ್ಲ.

*

ನಡಿಗೆಯ ಮಕ್ಕಳಿಗೆ ನೀರು ಅಳೆದು ಕೊಡುವ ಅಳತೆಯ ಯಜಮಾನ ತನ್ನ ಜಗುಲಿಯಲ್ಲಿ ಕೂತು ಸೋರೆ ಬುರುಡೆಗಳ ಬಾಯಿಗೆ ಮರದ ಬಿರಡೆ ಕೆತ್ತುತ್ತಿದ್ದ. ಪಕ್ಕದಲ್ಲಿ ಮೂರು ಮೂರರಂತೆ ಒಂಬತ್ತು ಗುಂಪು ಬುರುಡೆ.

"ಯಜಮಾನ್ರೇ, ಒಂದು ಮಾತು."

"ಹತ್ತು ಹೇಳವ್ವ. ಬಿರಡೆ ಕೆತ್ತೋವಾಗ ಕಿವಿ ಖಾಲೀನೇ."

"ಉಣ್ಣೆ ಬಿಸಿನೀರು ಕಂಡ್ರೆ ಕುಗ್ಗುತ್ತೆ, ಅಲ್ವಾ?"

"ನನ್ನ ಕೇಳಿದ್ರೆ? ನಾನೇನು ಕುರಿನಾ?"

"ಹಾಗೇ ಮಾತಿಗೆ ಕೇಳಿದೆ. ಪಟದಲ್ಲಿ ಬಯಲು ಕುಗ್ಗಿದ್ರೆ ಏನು ಮಾಡ್ಬೇಕು?"

"ಪಟದಲ್ಲಿ ಬಯಲು ಕುಗ್ಗಿದ್ರೆ ಬಯಲು ಕುಗ್ಗಿದೆ ಅಂತ. ಒಳ್ಳೇದೇ ಆಯ್ತಲ್ಲ, ಮಕ್ಕಳ ಕಾಲು ಉಳೀತು."

ಅವಳು ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ತಲೆಗೆ ಒಂದೊಂದು ಬುರುಡೆ ಹೆಚ್ಚಿಗೆ ಕಟ್ಟಿ ಕೊಟ್ರೆ? ಇರಲಿ ಅಂತ."

ಯಜಮಾನನ ಚಾಕು ನಿಂತಿತು. "ಹೆಚ್ಚಿಗೆ ನೀರು ಕೊಡೋದು ಅಂದ್ರೆ ಬಯಲು ಉದ್ದ ಇದೆ ಅಂತ ಒಪ್ಪಿಕೊಂಡ ಹಾಗೆ. ಬಯಲಿಗೆ ಆ ಸಲಿಗೆ ಕೊಡಬಾರದು. ಸುಳಿವು ಸಿಕ್ಕಿದ್ರೆ ಸಾಕು, ಕೈಕಾಲು ಚಾಚ್ಕೊಂಡು ಮಲಗಿಬಿಡುತ್ತೆ."

"ನೀವು ಚಿಕ್ಕವರಿದ್ದಾಗ ಎಷ್ಟು ದಿನ ನಡೆದ್ರಿ?"

"ಮೂರು."

"ಮೂರನೇ ದಿನಕ್ಕೆ ಆಚೆ ಊರು ಸಿಕ್ತಾ?"

"ಮೂರನೇ ದಿನ ಇಳಿಹೊತ್ತಿಗೆ ಕರಿಕಲ್ಲು ಸಿಕ್ತು." ಯಜಮಾನನ ಮುಖ ಮೆತ್ತಗಾಯಿತು. ಊರಿನಲ್ಲಿ ಯಾರನ್ನು ಕೇಳಿದರೂ ಇಲ್ಲಿಗೆ ಬಂದಾಗ ಮುಖ ಹೀಗೇ ಆಗುತ್ತಿತ್ತು. "ಕಲ್ಲಿನ ಬುಡದಲ್ಲಿ ತಲೆಗೊಂದು ಬುರುಡೆ ನೀರು. ಬಯಲು ಇಟ್ಟಿದ್ದು. ಪಟ ಚೆನ್ನಾಗಿ ಕಲಿತ ಮಕ್ಕಳಿಗೆ ಬಯಲು ಕೊಡುತ್ತೆ. ಕುಡಿದ್ವಿ, ಅಲ್ಲೇ ಮಲಗಿದ್ವಿ, ಮಾರನೇ ದಿನ ನಡೆದ್ವಿ, ಊರು ಸಿಕ್ತು."

"ಹಾಗಾದ್ರೆ ನಾಲ್ಕು ದಿನ."

"ಮೂರು. ಬಯಲು ಕೊಟ್ಟ ದಿನ ಲೆಕ್ಕಕ್ಕಿಲ್ಲ. ಉಡುಗೊರೆ ಅದು. ಉಡುಗೊರೇನ ಯಾರಾದ್ರೂ ಎಣಿಸ್ತಾರೇನವ್ವ, ಅಸಹ್ಯ."

"ಮತ್ತೆ ಬರೋವಾಗ?"

"ಬರೋವಾಗ ಆಚೆ ಊರಿನೋರು ನಾಲ್ಕು ತುಂಬಿಸಿ ಕಳಿಸ್ತಾರೆ. ಅವರಿಗೆ ಪಟ ಇಲ್ಲ, ಪಾಪ. ಏನು ತಿಳಿಯುತ್ತೆ?" ಅವನು ಬಿರಡೆಯನ್ನು ಬುರುಡೆಗೆ ಒತ್ತಿ ನೋಡಿದ. "ಪಟದವ್ವ, ಇಷ್ಟೆಲ್ಲ ತಲೆಗೆ ಹಚ್ಕೋಬೇಡ. ನಿನಗಿಂತ ಮುಂಚೆ ಒಬ್ಬಳು ಹೀಗೇ—" ಅಂದವನು ನಾಲಗೆ ಕಚ್ಚಿಕೊಂಡು ಸುತ್ತ ನೋಡಿದ. "ನಿನಗಿಂತ ಮುಂಚೆ ಯಾರೂ ಇರಲಿಲ್ಲ."

ಅವಳು ಚಾವಡಿಗೆ ವಾಪಸು ಬಂದಾಗ ಮಕ್ಕಳು ಊಟಕ್ಕೆ ಹೋಗಿದ್ದರು. ಅಂಗೈಯಲ್ಲಿ ನೀರು ತಂದು ಬಿಳಿ ತುಂಡನ್ನು ನೆನೆಸಿದಳು. ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಾಲು ಗೋಡೆಗೆ ಕೊಟ್ಟು ಎಳೆದಳು. ಕಚ್ಚಿಕೊಂಡ ಉಣ್ಣೆ ಒಂದು ಕೂದಲಿನಷ್ಟೂ ಸಡಿಲಾಗಲಿಲ್ಲ. ಎಳೆತಕ್ಕೆ ಊರಿನ ಕಡೆಯ ಹೊಲಿಗೆ ಬಿಗಿದು, ಅವಳದೇ ಕೆಂಪು ಬೊಟ್ಟು ಅರ್ಧ ಎದ್ದು ನಿಂತಿತು. ಗಾಬರಿಯಲ್ಲಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಸಿರು ತಿರುಗುವ ತನಕ ಹಾಗೇ ನಿಂತಳು.

*

ಬಾವಿಯಲ್ಲಿ ಯಾರೂ ಇರಲಿಲ್ಲ. ಅಂದರೆ, ಅಜ್ಜಿ ಇದ್ದಳು.

ಪಟಗಾರ್ತಿ ಕೊಡ ಇಳಿಸಿದಳು. ರಾಟೆ ಕಿರುಗುಟ್ಟಿತು. ಮೆಟ್ಟಿಲ ಕಡೆಯಿಂದ ದನಿ ಬಂತು: "ಬಿಳೀದನ್ನ ಕುದಿಸಿದ್ಯಾ?"

ಹಗ್ಗ ಅವಳ ಕೈಯಲ್ಲಿ ನಿಂತಿತು. ಹೆಬ್ಬಾಗಿಲ ಕಡೆ ನೋಡಿದಳು, ಬೀದಿ ನೋಡಿದಳು, ಕೊನೆಗೆ ಬಾವಿಯ ನೀರಿಗೆ ಹೇಳಿದಳು: "ಇಲ್ಲ."

ಮೆಟ್ಟಿಲ ಮೇಲೆ ಅಜ್ಜಿ ಅವಳ ಕಡೆಗೆ ತಿರುಗಿ ಕೂತಳು.

"ಬಾಯಿ ಬಂತಾ?" ಅಂದಳು ಅಜ್ಜಿ. "ಏಳು ವರ್ಷ ಕೇಳಿದ್ದೀನಿ ಕಣೇ. ಗೋಡೇನ ಕೇಳಿದ್ರೆ ಗೋಡೆನಾದ್ರೂ ಮರುದನಿ ಕೊಡೋದು."

"ಏಳೂ ವರ್ಷ ಕುಗ್ಗಿತ್ತಾ?"

"ನಿನ್ನ ಕೈಯಲ್ಲಿ ಏಳೂ ವರ್ಷ. ನನ್ನ ಕೈಯಲ್ಲಿ ಹದಿಮೂರು. ನನಗಿಂತ ಮುಂಚಿನೋಳ ಕೈಯಲ್ಲಿ ಎಷ್ಟೋ. ಬಣ್ಣ ಬೇಡದ್ದು ಹಂಡೆ ಕಾಣಲ್ಲ, ಹಂಡೆ ಕಾಣದ್ದು ಮೈ ಬಿಗಿ ಮಾಡ್ಕೊಂಡಿರಲ್ಲ. ನಿನಗೆ ಕಲಿಸೋವಾಗ ನನಗೇ ಗೊತ್ತಿರಲಿಲ್ಲ. ಗೊತ್ತಾದ ದಿನ ಚಾವಡೀಲಿ ಹೇಳಿದೆ. ಆಮೇಲೆ ಹೇಳಕ್ಕೆ ಬಾಯಿ ಇತ್ತು, ಕೇಳಕ್ಕೆ ಕಿವಿ ಇರಲಿಲ್ಲ."

"ಸುಳ್ಳು. ಒಂದು ಮಗುವೂ ಸತ್ತಿಲ್ಲ."

ಅಜ್ಜಿ ಭುಜದ ಸೆರಗು ಸರಿಸಿದಳು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರಿನಂಥ ಗೀರು ಅವಳ ಎರಡೂ ಭುಜದಲ್ಲಿತ್ತು. ಅವಳ ಬೆನ್ನ ಹಿಂದೆ, ಮೆಟ್ಟಿಲ ಸಂದಿಯಲ್ಲಿ, ಒಂದು ಅಡ್ಡೆ. ಅಡ್ಡೆಯ ಎರಡು ತುದಿಗೂ ಹಗ್ಗದ ಜೋಳಿಗೆ, ಜೋಳಿಗೆಯಲ್ಲಿ ಬುರುಡೆಗಳು.

"ಬಯಲು ಬುರುಡೆ ಕೊರೆಯುತ್ತೆ ಅಂದ್ಕೊಂಡಿದ್ಯಾ?" ಅಂದಳು ಅಜ್ಜಿ. "ಬಿರಡೇನೂ ಹಾಕುತ್ತೆ? ಏಳು ವರ್ಷ ನಾನು ಹೊತ್ತೆ, ಅದಕ್ಕೆ ಮುಂಚೆ ನನಗಿಂತ ಮೊದಲು ಪಟ ಬಿಟ್ಟೋಳು ಹೊತ್ತಳು."

ಪಟಗಾರ್ತಿ ಕಟ್ಟೆಯ ಮೇಲೆ ಕೂತಳು. ಈ ಏಳು ವರ್ಷಗಳಲ್ಲಿ ನಡೆದುಹೋದ ಮಕ್ಕಳ ಮುಖಗಳು ಒಂದೊಂದಾಗಿ ಬಂದವು. ಪ್ರತಿ ಮುಖದ ಹಿಂದೆ, ತಾನು ಸಾಕು ಅಂದು ಬಿಟ್ಟ ನಾಲ್ಕು ಉರುಳು.

"ಈ ವರ್ಷ?"

ಅಜ್ಜಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿದಳು. ಎರಡೂ ಮಂಡಿ ಊದಿಕೊಂಡು ಗಡಿಗೆಯಾಗಿದ್ದವು. "ನಿನ್ನೆ ಇಲ್ಲಿಂದ ಆ ಹುಣಸೆ ಮರದ ತನಕ ಹೋಗಿ ನೋಡ್ದೆ. ಎರಡು ಸಲ ಕೂತೆ. ಬಯಲಿಗೆ ಈ ಸಲ ಕೈ ಖಾಲಿ ಅಂತ ಕಾಣುತ್ತೆ."

"ನಾನು ಹೊತ್ಕೊಂಡು ಹೋಗ್ತೀನಿ."

"ಬೊಟ್ಟು ಇಟ್ಕೊಂಡಾ? ಹೆಬ್ಬಾಗಿಲಲ್ಲೇ ಕಾಣ್ತೀಯ. ಪಟಗಾರ್ತಿ ನೆಲ ನೋಡಕ್ಕೆ ಹೊರಟಳು ಅಂತ ಎಳ್ಕೊಂಡು ಬರ್ತಾರೆ. ಬುರುಡೆ ಒಡೀತಾರೆ."

"ಕಾಣದೆ ಇದ್ರೆ?"

"ಕಾಣದೋರನ್ನ ಯಾರು ತಡೀತಾರೆ?" ಅಜ್ಜಿ ಸೆರಗು ಎಳೆದುಕೊಂಡಳು. "ನನ್ನ ಬೊಟ್ಟಿಗೆ ಕತ್ತರಿ ಕೊಟ್ಟಿದ್ದು ನೀನೇ. ನೆನಪಿದ್ಯಾ?"

"ಇದೆ."

"ಚೂಪಾಗಿತ್ತು. ಒಂದೇ ಸಲಕ್ಕೆ ಆಯ್ತು. ಆವತ್ತೇ ಅಂದ್ಕೊಂಡೆ, ಇವಳು ಸಾಮಾನು ಚೆನ್ನಾಗಿ ಇಟ್ಕೋತಾಳೆ ಅಂತ."

ಪಟಗಾರ್ತಿ ನಕ್ಕಳು, ಅರ್ಧಕ್ಕೇ ನಿಲ್ಲಿಸಿದಳು. "ಮಗಳು?" ಅಂದಳು. "ಅವಳಿಗೂ ಕಾಣಲ್ವಾ?"

"ಮೊದಮೊದಲು ಕಂಡೂ ಕಾಣದ ಹಾಗೆ ಇರ್ತಾರೆ. ಆಮೇಲೆ ನಿಜವಾಗ್ಲೂ ಕಾಣಲ್ಲ." ಅಜ್ಜಿ ಬಾವಿಯೊಳಗೆ ನೋಡಿದಳು. "ಮೊದಲನೇದು ತಡ್ಕೋಬಹುದು."

*

ದೀಪ ಹಚ್ಚುವ ಹೊತ್ತಿಗೆ ತಾಯಿ ಮಗಳು ಉಣ್ಣಲು ಕೂತರು. ಪಟಗಾರ್ತಿ ರೊಟ್ಟಿಯ ಅಗಲವನ್ನು ದಾರದಿಂದ ಅಳೆಯುತ್ತಿದ್ದುದು ಮಗಳು ನೋಡಿದ ಮೇಲೆ ಅವಳಿಗೇ ಗೊತ್ತಾಯಿತು. ದಾರ ಸೊಂಟಕ್ಕೆ ಸಿಕ್ಕಿಸಿದಳು.

"ನಾಳೆ ಮೂರು ಅನ್ನು," ಅಂದಳು.

"ಸುಳ್ಳಾ?"

"ಸುಳ್ಳೇನು ಬಂತು. ಪಟದಲ್ಲಿ ಮೂರೇ ಇದೆಯಲ್ಲ."

"ನೆಲದಲ್ಲಿ?"

"ನೆಲ ನಾನು ನೋಡಿಲ್ಲ ಕಣೇ."

"ನೋಡದೆ ಇದ್ರೆ ನಾಲ್ಕು ಅಂತ ಯಾಕೆ ಕಲಿಸಿದೆ?" ಹುಡುಗಿ ರೊಟ್ಟಿ ಕೆಳಗಿಟ್ಟಳು. "ನನ್ನ ಬೆರಳಿಗೆ ನಾಲ್ಕು ಅಂತ ಗೊತ್ತಾಗಿ ಹೋಗಿದೆ. ನೀನೇ ಗೊತ್ತು ಮಾಡಿಸಿದ್ದು. ಈಗ ಮೂರು ಅನ್ನು ಅಂದ್ರೆ ಬಾಯಿ ಅನ್ನಬಹುದು, ಬೆರಳು ಅನ್ನಲ್ಲ."

"ನಾಲ್ಕು ಅಂದ್ರೆ ನಿನಗೆ ಬೊಟ್ಟು ಸಿಗಲ್ಲ. ಯಾರಿಗೂ ಕಾಣಲ್ಲ ನೀನು."

"ನಿನಗೂ?"

ಪಟಗಾರ್ತಿ ಒಲೆಯ ಬೂದಿಯನ್ನು ಕೆದಕಿದಳು. ಏಳು ವರ್ಷ ತಾನು ಎಷ್ಟು ಸಲೀಸಾಗಿ ಕಾಣದೆ ಇದ್ದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮೂರು ಅನ್ನು," ಅಂದಳು ಮತ್ತೆ.

"ನೋಡ್ತೀನಿ," ಅಂದಳು ಮಗಳು. ಆ ಮನೆಯಲ್ಲಿ ನೋಡ್ತೀನಿ ಅಂದರೆ ಆಗಲ್ಲ ಅಂತ.

*

ಬೆಳಿಗ್ಗೆ ಚಾವಡಿ ತುಂಬಿತ್ತು. ಅಳತೆಯ ಯಜಮಾನ ಪಟದ ಪಕ್ಕ ನಿಂತಿದ್ದ. ಪಟದ ಕೆಳಗೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಂಬತ್ತು ಕೆಂಪು ಬೊಟ್ಟು, ಸೂಜಿ, ದಾರ, ಕತ್ತರಿ. ಈ ವರ್ಷ ಜ್ವರ ಬಂದು ನಡಿಗೆ ತಪ್ಪಿದ ಹುಡುಗಿಯೊಬ್ಬಳು ಕಂಬಳಿ ಹೊದ್ದು ಬಾಗಿಲ ಬಳಿ ಕೂತಿದ್ದಳು, ಮುಂದಿನ ಕೆಲಸ ನೋಡಿ ಕಲಿಯಲಿ ಅಂತ.

ಮೊದಲ ಮಗು ಕಣ್ಣು ಮುಚ್ಚಿ ಬೆರಳಿಟ್ಟಿತು. "ಗುಡ್ಡ ಎರಡು. ಹೊಳೆ ಒಂದು. ಕಾಡು ಐದು. ಬಿಳಿ ಬಯಲು ಮೂರು." ಊರು ಹೂಂಗುಟ್ಟಿತು. ಬೊಟ್ಟು ಪಟಕ್ಕೆ ಏರಿತು. ಪಟಗಾರ್ತಿಯೇ ಹೊಲಿಯಬೇಕು. ಹೊಲಿದಳು. ಎರಡನೆಯ ಮಗು. ಗುಡ್ಡ ಎರಡು, ಹೊಳೆ ಒಂದು, ಕಾಡು ಐದು, ಬಿಳಿ ಬಯಲು ಮೂರು. ಹೊಲಿದಳು. ಮೂರನೆಯದು, ನಾಲ್ಕನೆಯದು. ಸೂಜಿ ಬೆರಳಿಗೆ ಚುಚ್ಚಿತು, ರಕ್ತ ಬೊಟ್ಟಿನ ಕೆಂಪಿನಲ್ಲಿ ಬೆರೆತು ಕಾಣಲಿಲ್ಲ. ಎಂಟು ಮಕ್ಕಳು, ಎಂಟು ಮೂರು.

ಒಂಬತ್ತನೆಯವಳು ಅವಳ ಮಗಳು.

ಹುಡುಗಿ ಕಣ್ಣು ಮುಚ್ಚಿದಳು. ಗುಡ್ಡ ಎರಡು. ಹೊಳೆ ಒಂದು. ಕಾಡು 'ಐದು' ಅನ್ನುವಾಗ ದನಿ ಸಣ್ಣಗಾಯಿತು. ಬಿಳಿಯ ಮೇಲೆ ಒಂದು ಬೆರಳು ಇಟ್ಟಳು. ಎರಡು ಇಟ್ಟಳು. ಮೂರು ಇಟ್ಟಳು. ನಾಲ್ಕನೆಯ ಬೆರಳು ಪಟದ ಮೇಲೆ ಇಳಿಯದೆ ಗಾಳಿಯಲ್ಲಿ ನಿಂತಿತು, ನಡುಗುತ್ತ. ಊರು ಕಾದಿತ್ತು. ಹುಡುಗಿಯ ತುಟಿ ತೆರೆಯಿತು. "ನಾ—"

"ನಾಲ್ಕು!"

ಕೂಗಿದ್ದು ಪಟಗಾರ್ತಿ. ತನ್ನ ದನಿ ಅಷ್ಟು ದೊಡ್ಡದಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಯಜಮಾನ ಮೆಲ್ಲಗೆ ತಿರುಗಿದ. ಅವನೇನೂ ಕೆಟ್ಟವನಲ್ಲ. "ಪಟದವ್ವ, ಬೆಳಿಗ್ಗೆಯಿಂದ ನಿಂತೇ ಇದ್ದೀಯ," ಅಂದ. "ಸೆಕೆ ಬೇರೆ. ನೀನು ಏನೋ ಅಂದೆ, ನಮಗೆ ಸರಿಯಾಗಿ ಕೇಳಿಸಲಿಲ್ಲ. ಅಲ್ವಾ? ಯಾರಿಗಾದ್ರೂ ಕೇಳಿಸ್ತಾ?"

ಯಾರಿಗೂ ಕೇಳಿಸಿರಲಿಲ್ಲ. ಎಲ್ಲರೂ ತಲೆ ಅಲ್ಲಾಡಿಸಿದರು. ಅಷ್ಟು ಸುಲಭವಿತ್ತು. ಸುಮ್ಮನೆ ಸೂಜಿಗೆ ದಾರ ಪೋಣಿಸಿದರೆ ಆಗುತ್ತಿತ್ತು.

"ಬಯಲು ನಾಲ್ಕು ಬೆರಳು," ಅಂದಳು ಪಟಗಾರ್ತಿ. "ಪಟ ತಪ್ಪು. ಬಿಳೀದನ್ನ ನಾನು ಕುದಿಸಲಿಲ್ಲ, ತೊಳೆದಾಗ ಕುಗ್ಗಿತು. ನೆಲದ್ದೇನೂ ತಪ್ಪಿಲ್ಲ. ತಲೆಗೆ ನಾಲ್ಕು ಬುರುಡೆ ಕೊಡಿ."

ಚಾವಡಿಯಲ್ಲಿ ಒಂದು ಕೂಸು ಕುಲಾವಿ ಕಿತ್ತುಕೊಂಡು ಅತ್ತಿತು. ಯಜಮಾನ ನಿಟ್ಟುಸಿರು ಬಿಟ್ಟು ಕೈ ಚಾಚಿದ. ತಟ್ಟೆ ಹುಡುಗಿಯ ಕಾಲ ಬಳಿಯೇ ಇತ್ತು.

"ಕತ್ತರಿ ಕೊಡು ಮಗು."

ಹುಡುಗಿ ಅಮ್ಮನ ಮುಖ ನೋಡಿದಳು. ಪಟಗಾರ್ತಿ ರೆಪ್ಪೆಯನ್ನಷ್ಟೇ ಇಳಿಸಿ ಎತ್ತಿದಳು: ಕೊಡು. ಹುಡುಗಿ ಕೊಟ್ಟಳು.

ಸದ್ದು ಬಹಳ ಚಿಕ್ಕದು. ಉಗುರು ಕತ್ತರಿಸಿದಷ್ಟು. ಪಟಗಾರ್ತಿಯ ಬೊಟ್ಟು ನೆಲಕ್ಕೆ ಬಿತ್ತು, ಯಾರೋ ಅದರ ಮೇಲೆ ಕಾಲಿಟ್ಟರು. ಅದರೊಂದಿಗೆ ಚಾವಡಿಯ ಕಣ್ಣುಗಳೆಲ್ಲ ಅವಳ ಮೈಮೇಲಿಂದ ಎಣ್ಣೆಯ ಹಾಗೆ ಜಾರಿ ಹೋದವು. ಪಕ್ಕದ ಮನೆಯವಳು ಅವಳು ನಿಂತ ಜಾಗದಲ್ಲಿ ಆರಾಮಾಗಿ ಮೊಣಕೈ ಚಾಚಿದಳು. ಅವಳೇ ಸರಿದುಕೊಳ್ಳಬೇಕಾಯಿತು.

"ಎಷ್ಟು ಮಗು?" ಯಜಮಾನ ಕೇಳಿದ, ನಡುವೆ ಏನೂ ನಡೆಯದ ಹಾಗೆ.

ಹುಡುಗಿ ಗೋಡೆಯ ಕಡೆಗೇ ನೋಡುತ್ತಿದ್ದಳು. ಬೆರಳುಗಳು ಬಿಳಿಯ ಮೇಲೆ ಹಾಗೇ ಇದ್ದವು.

"ಮೂರು," ಅಂದಳು.

ಅವಳ ಬೊಟ್ಟನ್ನು ಜ್ವರದ ಹುಡುಗಿ ಬಂದು ಹೊಲಿದಳು, ದೊಡ್ಡ ದೊಡ್ಡ ಹೊಲಿಗೆ. ಪಟಗಾರ್ತಿ ಹೊರಗೆ ಹೋಗುವಾಗ ಆ ಹುಡುಗಿಯ ಕಿವಿಗೆ ಬಾಗಿ ಹೇಳಿದಳು: "ಬಿಳೀದನ್ನ ಕುದಿಸು." ಹುಡುಗಿ ಗಾಳಿ ಹೊಕ್ಕ ಕಿವಿಯನ್ನು ಕಂಬಳಿಯಿಂದ ಒರೆಸಿಕೊಂಡಳು.

*

ಮಾರನೆಯ ಬೆಳಿಗ್ಗೆ ಮಕ್ಕಳು ನಡಿಗೆಗೆ ಹೊರಟಾಗ ತಾನೂ ಹೊರಟ ಪಟಗಾರ್ತಿಯನ್ನು ಹೆಬ್ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಅಜ್ಜಿಯ ಅಡ್ಡೆ ಅವಳ ಭುಜದಲ್ಲಿತ್ತು, ಮಕ್ಕಳಿಗೆ ಒಂಬತ್ತು ಬುರುಡೆ, ತನಗೆ ನಾಲ್ಕು. ಬಾವಿಯ ಮೆಟ್ಟಿಲ ಮೇಲೆ ಅಜ್ಜಿ ಇನ್ನೊಂದು ಮಾತು ಹೇಳಿದ್ದಳು: "ಅವರಿಂದ ಒಂದು ಕೂಗಳತೆ ಪಕ್ಕಕ್ಕೆ ನಡಿ. ಹಿಂದೆ ನಡೆದ್ರೆ ಅವರ ಧೂಳು ತಿಂತೀಯ."

ಬಿಳಿ ಬಯಲು ಬೆಳ್ಳಗಿರಲಿಲ್ಲ. ಹುರಿದ ಕಡಲೆಯ ಬಣ್ಣ ಇತ್ತು, ಅಲ್ಲಲ್ಲಿ ಇಲಿಯ ಬೆನ್ನಿನ ಬಣ್ಣ. ಮೆತ್ತಗೂ ಇರಲಿಲ್ಲ. ಏಳು ವರ್ಷ ಅವಳು ಮಕ್ಕಳ ಬೆರಳಿಗೆ ಹಿತವಾಗಲಿ ಅಂತ ಮಾಡಿದ ನೆಲ ಈಗ ಅವಳ ಅಂಗಾಲನ್ನು ಸೀಳುತ್ತಿತ್ತು. ಮೊದಲ ದಿನ ಮಕ್ಕಳು ಹಾಡುತ್ತಿದ್ದರು. ಎರಡನೆಯ ದಿನ ಜಗಳವಾಡುತ್ತಿದ್ದರು. ಮೂರನೆಯ ದಿನ ಸದ್ದೇ ಇರಲಿಲ್ಲ. ಒಬ್ಬಳು ಬುರುಡೆಯನ್ನು ಬಾಯಿಗೆ ಕವುಚಿ, ತಟ್ಟಿ, ಮತ್ತೆ ಕವುಚುವುದು ದೂರದಿಂದ ಕಾಣುತ್ತಿತ್ತು. ಅವರು ಮಧ್ಯಾಹ್ನ ತಲೆಗೆ ಬಟ್ಟೆ ಹೊದ್ದು ಕೂತಾಗ ಅವಳು ಕೂರಲಿಲ್ಲ. ಅಡ್ಡೆ ಭುಜ ಬದಲಿಸಿ ಮುಂದೆ ನಡೆದಳು. ಕರಿಕಲ್ಲು ಎಲ್ಲಿದೆ ಅಂತ ಪಟದಲ್ಲಿ ಇರಲಿಲ್ಲ. ಅದು ಪಟದಲ್ಲಿಲ್ಲದ ಕಲ್ಲು. ಇಲ್ಲದೆ ಹೋದರೆ? ಇದ್ದು, ಮಕ್ಕಳು ಪಕ್ಕದಲ್ಲೇ ದಾಟಿ ಹೋದರೆ? ಆಗ ಕೂಗಿದರೂ ಅವರಿಗೆ ಗಾಳಿ. ಅವಳು ಓಡತೊಡಗಿದಳು. ಬುರುಡೆಗಳು ಒಂದಕ್ಕೊಂದು ಬಡಿದು ಟೊಕ್ ಟೊಕ್ ಅಂದವು. ಒಂದು ಒಡೆದರೂ ಒಬ್ಬರಿಗೆ ಕಡಿಮೆ, ಆ ಒಬ್ಬರು ಯಾರು ಅಂತ ಮನಸ್ಸು ಆಗಲೇ ಆರಿಸತೊಡಗಿತ್ತು. ಓಟ ನಿಲ್ಲಿಸಿ, ಜೋಳಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು.

ಇಳಿಹೊತ್ತಿಗೆ ಕಲ್ಲು ಕಂಡಿತು. ಒಂಬತ್ತು ಬುರುಡೆಯನ್ನು ಅದರ ಬುಡದಲ್ಲಿ ಸಾಲಾಗಿ ಇಟ್ಟಳು. ನಿಂತು ಸುತ್ತ ನೋಡಿದಳು. ಪಟದ ಅಂಚಿಗೆ ಪ್ರತಿ ವರ್ಷ ಕರಿದಾರದಲ್ಲಿ ಒತ್ತಾಗಿ ಹೊಲಿಗೆ ಹಾಕುತ್ತಿದ್ದಳು, ಎಳೆ ಬಿಚ್ಚದಿರಲಿ ಅಂತ. ಇಲ್ಲಿ ಎಲ್ಲೂ ಹೊಲಿಗೆ ಇರಲಿಲ್ಲ. ನೆಲ ಹಾಗೇ ಬಿಚ್ಚಿಕೊಂಡು ಹೋಗುತ್ತಲೇ ಇತ್ತು. ಅವಳು ಕಲ್ಲು ಹಿಡಿದುಕೊಂಡಳು.

ಮಕ್ಕಳು ಬಂದರು. ನಡೆದು ಬಂದರು ಅನ್ನುವ ಹಾಗಿರಲಿಲ್ಲ, ಒಬ್ಬರ ಮೇಲೊಬ್ಬರು ಒರಗಿಕೊಂಡು ಬಂದರು. ಮೊದಲು ಕಂಡವನು ಕಿರುಚಿದ: "ಕೊಡ್ತು! ಬಯಲು ಕೊಡ್ತು!"

"ನಾವು ಚೆನ್ನಾಗಿ ಕಲಿತಿದ್ವಲ್ಲ, ಅದಕ್ಕೇ!"

"ನಾನಂತೂ ಒಂದೂ ತಪ್ಪದೆ ಒಪ್ಪಿಸಿದ್ದೆ."

"ಏ, ತಳ್ಳಬೇಡ್ವೋ, ತಲೆಗೊಂದು ಇದೆ!"

ಪಟಗಾರ್ತಿಯ ಮಗಳು ಕೊನೆಯ ಬುರುಡೆ ತೆಗೆದುಕೊಂಡಳು. ಅದರ ಬಾಯಿಗೆ ಮರದ ಬಿರಡೆ ಇರಲಿಲ್ಲ. ಹೊರಡುವ ಮೊದಲು ಅವಳಮ್ಮ ಬಿಳಿ ಉಣ್ಣೆಯನ್ನು ಬಿಗಿಯಾಗಿ ಉರುಳಿಸಿ, ಚೆನ್ನಾಗಿ ಕುದಿಸಿ, ಇನ್ನು ಕುಗ್ಗುವುದಕ್ಕೇನೂ ಉಳಿಯದ ಹಾಗೆ ಮಾಡಿ, ಒಂಬತ್ತಕ್ಕೂ ಅದನ್ನೇ ಬಿರಡೆಯಾಗಿ ಜಡಿದಿದ್ದಳು. ಒಂದು ಹನಿಯೂ ಸೋರಿರಲಿಲ್ಲ. ಹುಡುಗಿ ಅದನ್ನು ಕಿತ್ತು ಬೆರಳಲ್ಲಿ ಹೊಸಕಿದಳು. ಮೂಗಿಗೆ ಹಿಡಿದಳು. ಅಂಟುವಾಳದ ವಾಸನೆ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಹೊಸಕಿದಳು.

ಪಟಗಾರ್ತಿ ಮೂರು ಮಾರು ದೂರದಲ್ಲಿ ನಿಂತಿದ್ದಳು. ಉಸಿರು ಬಿಗಿಹಿಡಿದಿದ್ದಳು, ಉಸಿರೂ ಕಾಣಬಹುದೇನೋ ಅನ್ನುವ ಹಾಗೆ.

ಹುಡುಗಿ ನೀರು ಕುಡಿದಳು. ಬಿರಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಿರುಗಿ ನೋಡಲಿಲ್ಲ. ಉಳಿದವರ ಜೊತೆ ಆಚೆ ಊರಿನ ಕಡೆಗೆ ಮುಖ ಮಾಡಿ ಕೂತಳು. ಆಮೇಲೆ, ಎಲ್ಲರೂ ಬಯಲಿನ ಗುಣ ಹೊಗಳುತ್ತಿರುವಾಗ, ಅವಳ ಬಲಗೈ ಮೆಲ್ಲಗೆ ಬೆನ್ನ ಹಿಂದೆ ಬಂತು. ಮುಷ್ಟಿ ಬಿಚ್ಚಿತು.

ಪಟಗಾರ್ತಿ ಭುಜದಿಂದ ಅಡ್ಡೆ ಇಳಿಸಿ, ಆ ಕೈಯನ್ನು ನೋಡುತ್ತ ಎಣಿಸಿದಳು. ಒಂದು. ಎರಡು. ಮೂರು.

ಆಮೇಲೆ, ನಡುಗದೆ, ಇನ್ನೊಂದು.